ನಾಲ್ಕು ಡಿಗ್ರಿ

ಸ್ಮಶಾನದಲ್ಲಿ ಗುಂಡಿ ತೋಡುವವರ ಜೊತೆ ಮಾತು ಮುಗಿಸಿ ಎಡ್ವಿನ್ ಕುಂಬಾರಕೊಪ್ಪಲಿನ ಮನೆಗೆ ಬಂದಾಗ, ಫ್ರೀಜರ್ ಪೆಟ್ಟಿಗೆಯ ಗಾಜಿನಡಿ ಅಪ್ಪನ ಮುಖವೊಂದೇ ಕಾಣುತ್ತಿತ್ತು. ಕತ್ತಿನಿಂದ ಕೆಳಗೆ ದಪ್ಪನೆಯ ಉಣ್ಣೆ ಕಂಬಳಿ. ಬಗ್ಗಿ ನೋಡಿದ. ಬೆನ್ನಿನಡಿಗೂ ಅದನ್ನೇ ಹಾಸಿ, ಎರಡೂ ಅಂಚುಗಳನ್ನು ಎದೆಯ ಮೇಲೆ ತಂದು, ಹಸುಗೂಸಿಗೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿದ್ದರು.

"ಅಮ್ಮ, ಇದ್ಯಾಕೆ?"

ಅಮಲಮೇರಿ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದಳು. "ಮೂರು ದಿನದಿಂದ ಚಳಿ ಚಳಿ ಅಂತಿದ್ರು ಕಣೋ. ಮೈ ಸುಡ್ತಿತ್ತು, ಆದ್ರೂ ನಡುಗ್ತಿದ್ರು. ಈಗ ಐಸ್ ಪೆಟ್ಟಿಗೇಲಿ ಬರೀ ಶರಟಲ್ಲಿ ಮಲಗಿಸ್ಬುಟ್ರೆ? ಪಕ್ಕದ್ಮನೆಯೋರ ಕೈಲಿ ಎತ್ತಿಸಿ ಹೊದಿಸ್ದೆ."

"ತಣ್ಣಗಾಗ್ಲಿ ಅಂತ ತಾನೇ ಪೆಟ್ಟಿಗೆ ತರಿಸಿದ್ದು?"

"ಮುಖಕ್ಕೆ ತಣ್ಣಗೆ ಸೋಕ್ತಿದೆಯಲ್ಲ, ಸಾಲ್ದಾ? ಬಂದೋರೆಲ್ಲ ಮುಖ ತಾನೇ ನೋಡೋದು."

ಎಡ್ವಿನ್ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದ. ಶಾಖದ ಅಧ್ಯಾಯ ಶುರುವಾಗುವ ದಿನ ಹುಡುಗರನ್ನು ಕೇಳುತ್ತಿದ್ದ: ಐಸುಗಡ್ಡೆಗೆ ಕಂಬಳಿ ಸುತ್ತಿದರೆ ಬೇಗ ಕರಗುತ್ತದೋ, ತಡವಾಗಿಯೋ? ಅರ್ಧ ಕ್ಲಾಸು ಬೇಗ ಎಂದು ಕೂಗುತ್ತಿತ್ತು. ಕಂಬಳಿ ಯಾರಿಗೂ ಶಾಖ ಕೊಡುವುದಿಲ್ಲ, ಶಾಖದ ದಾರಿಗೆ ಅಡ್ಡ ನಿಲ್ಲುತ್ತದೆ ಅಷ್ಟೆ. ಒಳಗಿನದು ಒಳಗೇ, ಹೊರಗಿನದು ಹೊರಗೇ ಉಳಿಯುತ್ತದೆ ಎಂದು ಅವನು ಬಿಡಿಸಿ ಹೇಳುತ್ತಿದ್ದ.

ಅಪ್ಪ ಅಂದು ಬೆಳಿಗ್ಗೆ ಜ್ವರದಲ್ಲೇ ಹೋಗಿದ್ದರು. ತಂಗಿ ಜಾನ್ಸಿ ಕನ್ಯಾಸ್ತ್ರೀ. ಅರುಣಾಚಲದ ಬೆಟ್ಟದೂರಿನ ಶಾಲೆಯಲ್ಲಿದ್ದಳು. ಜೀಪು ಹಿಡಿದು ಕೆಳಗಿಳಿದು, ವಿಮಾನ ಹತ್ತಿ, ಬೆಂಗಳೂರಿನಿಂದ ಕಾರಿನಲ್ಲಿ ಬರುವಷ್ಟರಲ್ಲಿ ನಾಳೆ ಸಂಜೆಯಾಗುತ್ತಿತ್ತು. ಅಪ್ಪನನ್ನು ಅವಳು ನೋಡಿ ವರ್ಷಗಳಾಗಿದ್ದವು. ಫೋನಿನಲ್ಲಿ ಕೇಳಿಕೊಂಡದ್ದು ಒಂದೇ ಮಾತು: "ಅಣ್ಣ, ನಾನು ಮುಖ ನೋಡೋವರೆಗೂ ಮಣ್ಣು ಮಾಡ್ಬೇಡಿ."

ಪೆಟ್ಟಿಗೆ ಬಾಡಿಗೆಗೆ ಕೊಟ್ಟ ಮಹೇಂದ್ರ ಮತ್ತೊಮ್ಮೆ ಬಂದು ತುದಿಯಲ್ಲಿ ಮಿನುಗುವ ಕೆಂಪು ಅಂಕಿ ನೋಡಿದ. "ನಾಲ್ಕು ಡಿಗ್ರಿಗೆ ನಿಂತಿದೆ ಸಾರ್. ಯೋಚ್ನೆ ಬುಡಿ."

ನಾಲ್ಕು ಡಿಗ್ರಿ ಪೆಟ್ಟಿಗೆಯ ಗಾಳಿಯದು. ಕಂಬಳಿಯೊಳಗೆ ಎಷ್ಟಿದೆಯೆಂದು ತೋರಿಸಲು ಅಲ್ಲಿ ಯಾವ ಮೀಟರೂ ಇರಲಿಲ್ಲ. ಎಡ್ವಿನ್ ಮುಚ್ಚಳದ ಹಿಡಿಗೆ ಕೈ ಹಾಕಿದ. ಅಷ್ಟರಲ್ಲಿ ಹೆಂಗಸರು ಜಪಸರ ಶುರುಮಾಡಿದ್ದರು. ಕಂಬಳಿ ತೆಗೆಯಬೇಕೆಂದರೆ ಎಲ್ಲರೆದುರು ಅಪ್ಪನನ್ನು ಎತ್ತಿ, ಹೊರಳಿಸಿ, ಬಿಚ್ಚಬೇಕು. ಅಮ್ಮ ಪ್ರಾರ್ಥನೆ ನಿಲ್ಲಿಸದೆಯೇ ತಲೆಯೆತ್ತಿ ಅವನನ್ನು ನೋಡಿ, ಬೇಡವೆಂದು ತಲೆಯಾಡಿಸಿದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಬೆಳಿಗ್ಗೆ ತೆಗೆದರಾಯಿತು ಅಂದುಕೊಂಡ.

ಬೆಳಿಗ್ಗೆ ನಡುಮನೆಗೆ ಬಂದವನಿಗೆ ಮೊದಲು ಗೊತ್ತಾದದ್ದು ವಾಸನೆ. ಮುಖ ಊದಿತ್ತು, ತುಟಿ ಕಪ್ಪಿಟ್ಟಿತ್ತು. ಅದು ಅಪ್ಪನ ಮುಖವಾಗಿ ಉಳಿದಿರಲಿಲ್ಲ. ಮುಚ್ಚಳ ಎತ್ತಿ ಕಂಬಳಿಯ ಅಂಚು ಸಡಿಲಿಸಿ ಬೆನ್ನಿನಡಿ ಕೈ ತೂರಿಸಿದ. ಬೆಚ್ಚಗಿತ್ತು.

"ಏನಾಯ್ತೋ?" ಅಮ್ಮ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಕರೆಂಟ್ ಹೋಗಿತ್ತಮ್ಮ, ರಾತ್ರಿ. ನಂಗೆ ನಿದ್ದೆ ಬಂದ್ಬುಟ್ಟಿತ್ತು."

ಸಂಜೆ ಜಾನ್ಸಿ ಹೆಗಲಿನ ಚೀಲ ಇಳಿಸದೆಯೇ ಒಳಗೆ ಬಂದಳು. ನಡುಮನೆಯಲ್ಲಿ ಎರಡು ಬೆಂಚಿನ ಮೇಲೆ ಮರದ ಪೆಟ್ಟಿಗೆಯಿತ್ತು. ಮುಚ್ಚಳಕ್ಕೆ ಮೊಳೆ ಹೊಡೆದಾಗಿತ್ತು.

"ತೆಗೀರಿ."

"ಬೇಡ ಜಾನ್ಸಿ. ನೋಡೋ ಹಾಗಿಲ್ಲ. ಕರೆಂಟ್ ಹೋಗಿ..."

"ಹೋದ್ರೆ? ಒಂದು ಜನರೇಟರ್ ತರಿಸೋಕಾಗ್ಲಿಲ್ವಾ ನಿನ್ ಕೈಲಿ? ಊರಿಗೆಲ್ಲ ಫಿಸಿಕ್ಸ್ ಹೇಳ್ಕೊಡೋ ಮೇಷ್ಟ್ರು!" ಅವಳ ದನಿ ಒಡೆಯಿತು. "ಒಂದೇ ಒಂದು ಕೇಳಿದ್ದೆ ಅಣ್ಣ ನಾನು. ಒಂದೇ ಒಂದು."

ಎದುರು ಮನೆಯ ಬೆಟ್ಟಮ್ಮ ಜಾನ್ಸಿಗೆಂದು ಕಾಫಿ ತಂದಿದ್ದಳು. "ಯಾವಾಗ ಓಗಿತ್ತು ಮೇಷ್ಟ್ರೇ ಕರೆಂಟು? ನಮ್ಮನೇಲಿ ರಾತ್ರಿಯೆಲ್ಲ ಫ್ಯಾನ್ ತಿರುಗ್ತಾನೇ ಇತ್ತಲ್ಲ. ಸೆಕೆಗೆ ನಂಗೆ ನಿದ್ದೇನೇ ಇಲ್ಲ."

"ನಮ್ಮನೇದು ಫ್ಯೂಸು..." ಎಂದ ಎಡ್ವಿನ್.

ಅಮಲಮೇರಿ ಮಗನ ಮುಖವನ್ನೇ ನೋಡುತ್ತಿದ್ದಳು.

"ಬೆಳಿಗ್ಗೆ ಮುಟ್ಟಿದ್ಯಲ್ಲ ಅವರ್ನ," ಎಂದಳು ನಿಧಾನವಾಗಿ. "ಬೆಚ್ಚಗಿದ್ರಾ?"

ಅವನು ನೆಲ ನೋಡಿದ.

ಅಮಲಮೇರಿ ಗೋಡೆ ಹಿಡಿದು ಎದ್ದು ಮಗಳ ಹತ್ತಿರ ಬಂದಳು. "ಅಣ್ಣನ್ನ ಬೈಬೇಡ ಕಣಮ್ಮ," ಎಂದು ಜಾನ್ಸಿಯ ಕೈ ಹಿಡಿದು ಮುಚ್ಚಳದ ಮೇಲ್ತುದಿಯಲ್ಲಿ ಇಟ್ಟಳು. ವಾರ್ನಿಷ್ ಇನ್ನೂ ಪೂರ್ತಿ ಆರದೆ ಬೆರಳಿಗೆ ಅಂಟುತ್ತಿತ್ತು.

"ಇಲ್ಲಿ ಹಣೆ. ಕೂದ್ಲು ಹಿಂದಕ್ಕೆ ಬಾಚಿದ್ದೆ, ಅವರು ಬಾಚ್ಕೊಳ್ಳೋ ಹಂಗೇ." ಕೈಯನ್ನು ತುಸು ಕೆಳಗೆ ಸರಿಸಿದಳು. "ಇಲ್ಲಿ ಎಡಗಡೆ ಹುಬ್ಬು. ಪ್ರೆಸ್ಸಲ್ಲಿ ಕೆಲ್ಸ ಮಾಡ್ವಾಗ ಮಿಷನ್ ತಾಗಿತ್ತಲ್ಲ, ಅಷ್ಟಗಲ ಕೂದ್ಲಿಲ್ಲ. ಮೂಗಿನ ಮೇಲೆ ಕನ್ನಡಕದ ಗುರುತು, ಎರಡೂ ಕಡೆ..."

ಜಾನ್ಸಿ ಕಣ್ಣು ಮುಚ್ಚಿದ್ದಳು. ಹೊರಲು ಬಂದ ಗಂಡಸರು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತರು. ಅಮಲಮೇರಿಯ ಬೆರಳು ಇನ್ನೂ ಗದ್ದದವರೆಗೆ ಬಂದಿರಲಿಲ್ಲ.