ನೀಲಿ ಬಣ್ಣದ ಕೆಳಗೆ

ಬಿಸಿಲು ಬಿದ್ದಲ್ಲಿ ಒಂದು ನೀಲಿ, ನೆರಳಿದ್ದಲ್ಲಿ ಇನ್ನೊಂದು ನೀಲಿ, ಬಟ್ಟೆಗೆ ಹಾಕುವ ನೀಲಿಯನ್ನೇ ಕಲಸಿ ಬೀರುವಿಗೆ ಬಳಿದರೋ ಏನೋ ಪುಣ್ಯಾತ್ಮರು, ಇಷ್ಟು ಕೆಟ್ಟದಾಗಿತ್ತೇ ತನ್ನ ಮದುವೆಯ ಬಣ್ಣ, ಆವತ್ತು ಊರೆಲ್ಲ ಬಂದು ನೋಡಿ ಭೇಷ್ ಅಂದಿತ್ತಲ್ಲ — ಮಂಚಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದಾಳೆ, ಬಣ್ಣ ಬಿಡಿಸುವ ಮದ್ದಿನ ಘಾಟು ಗಂಟಲಿಗೇ ಇಳಿಯುತ್ತಿದೆ, ಆಚೆ ಮೈಸೂರು ರಸ್ತೆಯಲ್ಲಿ ಲಾರಿಯ ಹಿಂದೆ ಲಾರಿ, ಒಂದೊಂದು ಹೋದಾಗಲೂ ಬೀರುವಿನ ಮೇಲರ್ಧದ ಗಾಜು ಝಲ್ಲೆನ್ನುತ್ತದೆ, ಅದೇ ಸದ್ದು, ತೌರುಮನೆಯಲ್ಲಿ ಅಪ್ಪ ಸಿಟ್ಟಿನಲ್ಲಿ ನಡೆದರೂ ಇದೇ ಸದ್ದು, ಆ ಗಾಜಿನ ಹಿಂದೆ ಹಿತ್ತಾಳೆ ಚೆಂಬು, ದಸರೆಯ ಗೊಂಬೆ, ಹೂ ಬಿಡಿಸಿದ ಪಿಂಗಾಣಿ ಬಟ್ಟಲು, ಯಾರೂ ಯಾವತ್ತೂ ಕಾಫಿ ಕುಡಿಯದ ಬಟ್ಟಲು, ಬಂದವರು ನೋಡಲಿ ಅಂತಲೇ ಇಟ್ಟದ್ದು. ಈಗ ಒಳಗೆ ಬರೀ ಧೂಳು. ಕೆಳಗಿನ ಮರದ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹಳೇ ಮರದ ಸಾಮಾನಿನ ಅಂಗಡಿಯ ವಜೀರ್ ಪಾಷಾ ಸಾಬರು ಬ್ರಷ್ಷಿನಿಂದ ಮದ್ದು ಸವರುತ್ತಿದ್ದಾರೆ, ಇದು ಈ ಹೆಂಗಸಿನ ತೌರುಮನೆಯ ಬೀರು ಅಂತ ಅವರಿಗೆ ಗೊತ್ತಿಲ್ಲ, ಬಳೆ ತೊಡಿಸಿಕೊಂಡು ಬರ್ತೀನಿ ಅಂತ ಗಂಡನಿಗೆ ಹೇಳಿ ಅರಕೆರೆಯಲ್ಲಿ ಬಸ್ಸು ಹತ್ತಿದಳು, ಶ್ರೀರಂಗಪಟ್ಟಣದಲ್ಲಿ ಇಳಿದು ಸಾಬರಿಗೆ ಹಳೇ ಸ್ಟೂಲು ನೋಡಬೇಕಿತ್ತು ಅಂದಳು, ಹೊತ್ತು ನೆತ್ತಿಗೇರುವ ಮೊದಲೇ ಎರಡು ಸುಳ್ಳು, ಬೆಳಿಗ್ಗೆ ಬೆಳಿಗ್ಗೆ ಚೆನ್ನಾಗಿಯೇ ಬೋಣಿಯಾಯಿತು.

ಹೋದ ವಾರ ಪಾಂಡವಪುರದ ಪಕ್ಕದ ತನ್ನೂರಿಗೆ ಹೋದರೆ ಬೀರುವಿದ್ದ ಮೂಲೆಯಲ್ಲಿ ಬೂದು ಬಣ್ಣದ ಸ್ಟೀಲ್ ಬೀರು, ತಮ್ಮ ನಾಗರಾಜು ಹಿಡಿ ತಿರುಗಿಸಿ ತಿರುಗಿಸಿ ತೋರಿಸುತ್ತಾನೆ, ನೋಡಕ್ಕ ಒಳ್ಗೇ ಲಾಕರು, ಬಾಗ್ಲಲ್ಲಿ ಆಳುದ್ದ ಕನ್ನಡಿ, ಗೆದ್ಲು ಗಿದ್ಲು ಏನೂ ಹಿಡ್ಯಾಕಿಲ್ಲ, ಆ ಹಳೇದ್ನ ಪಟ್ಣದ ಸಾಬ್ರು ಬದ್ಲಿಗೆ ಎತ್ಕೊಂಡೋದ್ರು, ಕೆ.ಆರ್.ಪೇಟೆ ನಾಗಮಂಗಲ ಎಲ್ಲಾ ಕಡೆ ಟೆಂಪೋ ತಕ್ಕೊಂಡು ಇಂಗೇ ಸುತ್ತಾವ್ರೆ ಕಣಕ್ಕ — ಒಳ್ಳೇದಾಯ್ತು ಬುಡಪ್ಪ, ಅಂದಳು, ಇನ್ನೇನು ಅನ್ನಬೇಕು, ಅವ್ವ ಸತ್ತಾಗ ಅವನು ತೊಟ್ಟಿಲ ಕೂಸು, ಬಾಗಿಲಲ್ಲಿ ಏನಿತ್ತು ಅಂತ ಅವನಿಗೆ ಯಾರು ಹೇಳಿದ್ದಾರೆ. ಆ ಮನೆಯಲ್ಲಿ ಮದುವೆ ಬಂತೆಂದರೆ ಗೋಡೆಗೆ ಸುಣ್ಣ, ಬೀರುವಿಗೆ ಬಣ್ಣ, ಹಳೇ ಬಣ್ಣ ಕೆರೆಯುವ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ, ಒಂದರ ಮೇಲೊಂದು, ಅಕ್ಕನ ಮದುವೆಗೆ ಹಸಿರು, ಆಮೇಲೆ ತನ್ನ ಮದುವೆಗೆ ಈ ನೀಲಿ. ಅಕ್ಕನ ಮದುವೆಯ ಹಿಂದಿನ ದಿನ, ಹಸಿರು ಇನ್ನೂ ಹಸಿಯಾಗಿತ್ತು, ಮನೆ ತುಂಬ ನೆಂಟರು, ಸೊಂಟದ ಮೇಲೆ ಅಕ್ಕಿಯ ಮೊರ ಇಟ್ಟುಕೊಂಡು ಅವ್ವ ಬರುತ್ತಾಳೆ, ಬಾಣಂತನ ಮುಗಿದು ಇನ್ನೂ ಮೈಯಲ್ಲಿ ರಕ್ತ ಕೂಡಿರಲಿಲ್ಲ, ತಲೆ ಸುತ್ತಿತೋ ಏನೋ, ಬಲಗೈ ಬೀರುವಿನ ಬಾಗಿಲಿಗೆ ಊರಿದಳು, ಪೂರ್ತಿ ಅಂಗೈ, ಹೆಬ್ಬೆರಳು ಒಂದು ಕಡೆ, ನಾಲ್ಕು ಬೆರಳು ಒಂದು ಕಡೆ, ಬಣ್ಣದವನು ಅಯ್ಯಯ್ಯೋ ಅಂತ ಕೂಗಿದ, ಅಪ್ಪ, ಕಣ್ಣ ನೆತ್ತಿ ಮ್ಯಾಲ್ ಮಡಿಕ್ಕೊಂಡಿದ್ದೀಯೇನಮ್ಮೀ, ಎಲ್ಲರೂ ನಕ್ಕರು, ಅವ್ವನೂ ನಕ್ಕು ಹಸಿರು ಕೈಯನ್ನು ಸೆರಗಿನಲ್ಲಿ ಅಡಗಿಸಿಕೊಂಡಳು, ಯಾಕೆ ಕೈ ಊರಿದೆ ಅಂತ ಒಬ್ಬರೂ ಕೇಳಲಿಲ್ಲ, ಹನ್ನೆರಡು ವರ್ಷದ ತಾನೂ ಕೇಳಲಿಲ್ಲ, ಮಾರನೇ ದಿನ ಧಾರೆ ಎರೆಯುವಾಗ ಅರಿಶಿನದ ಕೆಳಗೆ ಅಂಗೈಯ ಗೆರೆಗಳಲ್ಲಿ ಹಸಿರು ಹಾಗೇ ಇತ್ತು. ಆ ವರ್ಷದ ಭತ್ತದ ಕುಯ್ಲಿಗೆ ಅವ್ವ ಇರಲಿಲ್ಲ. ಮದುವೆಯ ಫೋಟೋದಲ್ಲಿದ್ದಾಳೆ, ಇದ್ದಾಳೆ ಅಂದರೆ ಯಾರದೋ ದೊಡ್ಡ ಪೇಟದ ಹಿಂದೆ ಸೀರೆಯ ಅಂಚು ಇದೆ, ಮುಖವಿಲ್ಲ, ಮುಖ ಎಲ್ಲಿಯೂ ಇಲ್ಲ, ಮೂಗು ಹೇಗಿತ್ತು, ಹಲ್ಲು ಹೇಗಿತ್ತು, ಮಂಚಮ್ಮ ಎಷ್ಟೋ ಸಲ ಕಣ್ಣು ಮುಚ್ಚಿ ಕೂಡಿಸಿ ನೋಡಿದ್ದಾಳೆ, ಕೂಡುವುದಿಲ್ಲ. ಕೈ ಮಾತ್ರ ಗೊತ್ತು.

ಅದೂ ಈಗ ಬರೀ ಮುಟ್ಟಿ ಗೊತ್ತು. ನೀಲಿ ಬಳಿಸಿದ ದಿನ, ಅವ್ವನ ಕೈ ಮುಚ್ಚಿಹೋಯಿತೆಂದು ಅಪ್ಪನ ಮೇಲೆ ಬಂದ ಸಿಟ್ಟಿಗೆ ಊಟ ಬಿಟ್ಟು ಮಲಗಿದ್ದಳು, ಬಣ್ಣ ಒಣಗಿದ ಮೇಲೆ ಹೋಗಿ ಸವರಿದರೆ ನೀಲಿಯ ಕೆಳಗೆ ಆ ತಗ್ಗು ಹಾಗೇ ಇದೆ, ಬೆರಳಿಗೆ ಬೆರಳು ಕೂತಿತು, ಅಲ್ಲೇ ಅತ್ತಳು, ನೆಂಟರು ಗಂಡನ ಮನೆಗೆ ಹೋಗುವ ದುಃಖ ಅಂದುಕೊಂಡರು, ಅಂದುಕೊಳ್ಳಲಿ. ಆಮೇಲೆ ತೌರಿಗೆ ಬಂದಾಗಲೆಲ್ಲ ಬೀರುವಿನ ಪಕ್ಕವೇ ಚಾಪೆ, ಹೆರಿಗೆಗೆ ಬಂದಾಗ, ಅಪ್ಪ ಹೋದಾಗ, ಗಂಡನ ಜೊತೆ ಜಗಳವಾಡಿ ಬಂದಾಗ, ಅಂಗೈ ಊರಿ ಮಲಗಿದರೆ ನಿದ್ದೆ. ಇತ್ತಿತ್ತಲಾಗಿ ತನ್ನ ಬೆರಳೇ ಆಚೆ ಚಾಚಿಕೊಳ್ಳುತ್ತದೆ, ಅವ್ವನ ಕೈ ಚಿಕ್ಕದು, ತಾನು ಈಗ ಅವ್ವನಿಗಿಂತ ದೊಡ್ಡವಳು, ಇದೆಂಥ ವಿಚಿತ್ರ — ಚಾ ತಗೋ ಅಕ್ಕ, ಸಾಬರ ಹೆಂಡತಿ ರೆಹಮತುನ್ನೀಸಾ ಲೋಟ ಹಿಡಿದು ನಿಂತಿದ್ದಾಳೆ, ಘಾಟು ಜಾಸ್ತಿ, ಒಳ್ಗೆ ಬಂದು ಕುಂತ್ಕೋ, ಸ್ಟೂಲು ಅಲ್ಲೂ ಐತೆ, ಬ್ಯಾಡ ಕಣವ್ವ, ಇಲ್ಲೇ ಸರಿ. ಎಡಗಡೆಯ ಬಾಗಿಲು ಆಗಲೇ ಮುಗಿದು ಗೋಡೆಗೆ ಒರಗಿದೆ, ಅದರಲ್ಲಿ ಕೆಂಪು ಹಿನ್ನೆಲೆಯ ಮೇಲೆ ಬರೆದ ಎರಡು ಗಿಳಿ, ದಾಳಿಂಬೆ ಬಳ್ಳಿ, ಅಪ್ಪನ ಅಪ್ಪನಿಗೂ ಗೊತ್ತಿತ್ತೋ ಇಲ್ಲವೋ, ಇಷ್ಟು ದಿನ ಗಿಳಿಗಳ ಮೇಲೆಯೇ ಬಣ್ಣ ಬಳಿದುಕೊಂಡು ಬಂದರಲ್ಲ, ಸಾಬರು ಹೆಮ್ಮೆಯಿಂದ ತಿರುಗುತ್ತಾರೆ, ನೋಡಿದ್ರಾ ಅಕ್ಕಾ, ಮೈಸೂರು ಹೋಟೆಲಿನ ಪಾರ್ಟಿಗೆ ಈ ಚಿತ್ರಾನೇ ಬೇಕು, ಮೇಲಿನ ಬಣ್ಣ ಎಲ್ಲಾ ಕಚಡಾ, ಎರಡೂ ಬಾಗಿಲು ಜೋಡಿ ಬೇಕಂತಾರೆ. ಕಚಡಾ. ಈಗ ಹೇಳಿದರಾಯಿತು, ಸಾಬ್ರೇ, ಇದು ನಮ್ಮವ್ವನ ಕೈ, ಈ ಒಂದು ಬಾಗಿಲು ಬುಟ್ಬುಡಿ ಅಂತ, ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಾನೆ, ಬಿಟ್ಟರೂ ಬಿಟ್ಟಾನು, ಅದಕ್ಕೇ ತಾನೇ ಬಸ್ಸು ಹತ್ತಿ ಬಂದದ್ದು, ಹೇಳೇ ಮಂಚಿ, ಬಾಯಿಗೇನಾಯಿತು. ಹೇಳಿದರೆ ಅವರು ಬ್ರಷ್ಷು ಕೆಳಗಿಡುತ್ತಾರೆ. ಇಟ್ಟರೆ ನೀಲಿ ಹಾಗೇ ಉಳಿಯುತ್ತದೆ. ಇಷ್ಟು ವರ್ಷ ಕುರುಡಿಯ ಹಾಗೆ ಸವರಿದ್ದಾಯಿತು, ಒಂದು ಸಲ, ಒಂದೇ ಸಲ ಮತ್ತೆ ಕಣ್ಣಿಂದ ನೋಡಬೇಕು, ನೀಲಿ ಹೋಗಲಿ, ನೀಲಿಯೊಂದು ಹೋಗಲಿ, ಆಮೇಲೆ ಹೇಳುತ್ತೇನೆ, ಚಾ ಆರುತ್ತಿದೆ, ಆರಲಿ.

ನೀಲಿ ಬೊಬ್ಬೆ ಬೊಬ್ಬೆಯಾಗಿ ಏಳುತ್ತಿದೆ, ಸಾಬರು ತಗಡಿನ ಬ್ಲೇಡು ಓರೆ ಹಿಡಿದು ಎಳೆದರೆ ಹಾಲಿನ ಕೆನೆಯ ಹಾಗೆ ಮಡಚಿಕೊಂಡು ಬರುತ್ತದೆ, ಕೆಳಗೆ ಹಸಿರು, ಎಳೇ ಪೈರಿನ ಹಸಿರು, ಅಕ್ಕನ ಮದುವೆಯ ಮನೆಯೇ ಬಂದು ಎದುರಿಗೆ ನಿಂತ ಹಾಗಾಯಿತು, ಇನ್ನೊಂದು ಎಳೆತ, ಹೆಬ್ಬೆರಳು — ಮಂಚಮ್ಮ ಎದ್ದು ನಿಂತಿದ್ದಾಳೆ, ಎದ್ದದ್ದು ಗೊತ್ತಿಲ್ಲ — ಇನ್ನೊಂದು, ಬೆರಳು, ಬೆರಳು, ಅಂಗೈಯ ಗುಂಡನೆಯ ಬುಡ, ಗೆರೆಗಳೂ ಇವೆ, ಕಿರುಬೆರಳು ಸ್ವಲ್ಪ ಸೊಟ್ಟ, ಅವ್ವನ ಕಿರುಬೆರಳು ಸೊಟ್ಟಗಿತ್ತು, ಮರೆತೇ ಹೋಗಿತ್ತಲ್ಲ, ಮೊರ ಹಿಡಿದಾಗ ಅದೊಂದು ಆಚೆ ನಿಲ್ಲುತ್ತಿತ್ತು, ಅರೇ ಯಾರ್ದೋ ಕೈ ಐತಲ್ಲ ಇಲ್ಲಿ, ಸಾಬರ ದನಿ, ನಿಲ್ಸಿ ಸಾಬ್ರೇ, ನಿಲ್ಸಿ, ನಮ್ಮವ್ವಂದು, ನಮ್ಮವ್ವನ ಕೈಯಿ, ಈ ಬಾಗ್ಲ ನಂಗೆ ಕೊಟ್ಬುಡಿ, ನಾಗರಾಜು ನನ್ನ ತಮ್ಮ, ಇದು ನಮ್ಮನೇದು, ಅಂತೂ ಹೇಳಿದಳು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಸಾಬರ ಕೈಯಿಂದ ಬ್ಲೇಡು ಬಿತ್ತು. ಯಾ ಅಲ್ಲಾ, ಮೊದ್ಲೇ ಹೇಳೋದಲ್ವಾ ಅಕ್ಕಾ, ಮದ್ದು ಆಗ್ಲೇ ಕೆಳಗಿನ ಬಣ್ಣಕ್ಕೂ ಇಳಿದಿರುತ್ತೆ, ಏ ರೆಹಮತ್, ನೀರು, ನೀರು ತಾ ಜಲ್ದಿ, ಅವಳು ಓಡಿ ಬಂದು ಬಕೆಟ್ಟೇ ಸುರಿದಳು, ಮಂಚಮ್ಮ ಕೈ ಚಾಚಿದರೆ ಸಾಬರು ತಮ್ಮ ಕೈ ಅಡ್ಡ ಹಿಡಿದರು, ಮುಟ್ಬೇಡಿ, ಚರ್ಮ ಸುಟ್ಟೋಗುತ್ತೆ, ಮುಟ್ಬೇಡಿ ಅಕ್ಕಾ, ಮುಟ್ಟದೆ ಇನ್ನೇನು ಮಾಡಲಿ, ಇಷ್ಟು ವರ್ಷ ಮಾಡಿದ್ದು ಅದೊಂದೇ, ನೀರು ಜಾರುತ್ತಿದೆ, ನೀರಿನ ಕೆಳಗೆ ಹಸಿರು ಅಲುಗಿತು, ಮೊದಲು ಕಿರುಬೆರಳ ತುದಿ, ಆಮೇಲೆ ಅದರ ಪಕ್ಕದ್ದು, ನುಣ್ಣಗಿದ್ದದ್ದು ನವುರಾಗಿ ನೆರಿಗೆ ಹಿಡಿಯುತ್ತಿದೆ, ಬೆರಳ ಗೆಣ್ಣಿನಲ್ಲಿ, ಅಂಗೈಯ ಬುಡದಲ್ಲಿ, ಹೆಬ್ಬೆರಳಿನ ಸುತ್ತ, ಸುಕ್ಕು, ನಲವತ್ತನ್ನೂ ಕಾಣದವಳ ಕೈ, ಈಗ ಐವತ್ತು, ಈಗ ಅರವತ್ತು, ಅವ್ವ ಮುದುಕಿಯಾಗುತ್ತಿದ್ದಾಳೆ, ಬದುಕಿದ್ದರೆ ಇಷ್ಟೊತ್ತಿಗೆ ಹೀಗೇ ಇರುತ್ತಿತ್ತು ಕೈ, ಹೀಗೇ ತಲೆ ಸವರುತ್ತಿತ್ತು, ಮುಟ್ಬೇಡಿ ಅಕ್ಕಾ, ಸುಕ್ಕು, ಸುಕ್ಕು ಹಿಡಿದ ಐದು ಹಸಿರು ಬೆರಳು, ಅವ್ವನ ಮುದಿ ಕೈ —