ಬಲಗಡೆಯ ಸ್ಕ್ರೀನ್

ಗಲ್ಫಿನಿಂದ ಬರುವವರು ಅತ್ತರು ತರುತ್ತಾರೆ, ಖರ್ಜೂರ ತರುತ್ತಾರೆ. ಅಲ್ಲಿಯ ನೌಕರಿಗೆ ಕೊನೆಯ ಸಲಾಂ ಹೊಡೆದು ಊರು ಸೇರಿದ ಜಾಬಿರ್ ಅವೆರಡರ ಜೊತೆಗೆ ಒಂದು ಹಠವನ್ನೂ ತಂದಿದ್ದ. ಹೆಂಡತಿ ಮುಮ್ತಾಝ್ ಕಟ್ಟುತ್ತಿರುವ ವಿಮಾನಕ್ಕೆ ಎರಡು ದೊಡ್ಡ ಸ್ಕ್ರೀನ್ ಬೇಕು, ಎಡಗಡೆ ಒಂದು, ಬಲಗಡೆ ಒಂದು. ಇಪ್ಪತ್ತು ವರ್ಷ ದೊಡ್ಡ ದೊಡ್ಡ ವಿಮಾನಗಳ ಕಾಕ್‌ಪಿಟ್ಟಿನೊಳಗೆ ತಲೆ ತೂರಿಸಿ ರಿಪೇರಿ ಮಾಡಿದವನ ಮಾತು, ಸುಲಭಕ್ಕೆ ತಳ್ಳಿಹಾಕುವಂತಿರಲಿಲ್ಲ. ಆದರೆ ತಳ್ಳಿಹಾಕುವುದೆಂದು ಮುಮ್ತಾಝ್ ತೀರ್ಮಾನಿಸಿಯಾಗಿತ್ತು.

ವಿಮಾನ ಅವಳದ್ದು. ತೊಕ್ಕೊಟ್ಟಿನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಲೇ ಮೈಸೂರಿಗೆ ಓಡಾಡಿ ಹಾರಿಸಲು ಕಲಿತವಳು ಅವಳು. ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿ, ವಾಮಂಜೂರಿನ ಜಯಪಾಲನ ಶೆಡ್ಡಿನಲ್ಲಿ ಒಂದೊಂದೇ ರಿವೆಟ್ ಹೊಡೆದು ಈ ಎರಡು ಸೀಟಿನ ವಿಮಾನವನ್ನು ನಿಲ್ಲಿಸಿದವಳೂ ಅವಳೇ. ಜಯಪಾಲ ಮೊದಲು ಕಾರುಗಳ ಟಿಂಕರಿಂಗ್ ಮಾಡುತ್ತಿದ್ದವನು. ತಗಡು ಬಗ್ಗಿಸುವುದು ಅವನಿಗೆ ಗೊತ್ತಿತ್ತು, ಬಾಯಿ ಮುಚ್ಚಿಕೊಂಡಿರುವುದು ಮಾತ್ರ ಗೊತ್ತಿರಲಿಲ್ಲ. "ಅಕ್ಕ, ಇದು ನಿಜಕ್ಕೂ ಮೇಲೆ ಹೋಗ್ತದಾ, ಇಲ್ಲ ಮದುವೆ ಹಾಲ್‌ನ ಎದುರು ನಿಲ್ಲಿಸ್ಲಿಕ್ಕಾ?" ಎಂದು ಕೇಳುತ್ತಲೇ ರೆಕ್ಕೆ ಜೋಡಿಸಿಕೊಟ್ಟಿದ್ದ.

ಉಳಿದದ್ದು ಸೀಟಿನೆದುರಿನ ಪ್ಯಾನೆಲ್. ವೇಗ, ಎತ್ತರ, ರೆಕ್ಕೆ ಸಮವಾಗಿದೆಯೋ ವಾಲಿದೆಯೋ, ಎಲ್ಲವನ್ನೂ ತೋರಿಸುವ ಸ್ಕ್ರೀನ್ ಕೂರುವ ಜಾಗ ಅದು. ಕಡಲ ಮೇಲೆ ಮಬ್ಬು ಕವಿದರೆ ನೀರೆಲ್ಲಿ, ಆಕಾಶವೆಲ್ಲಿ ತಿಳಿಯುವುದಿಲ್ಲ, ಆಗ ಪೈಲಟಿಗೆ ಸ್ಕ್ರೀನೇ ಕಣ್ಣು. ಅದು ಕೈಕೊಟ್ಟರೆ ಇನ್ನೊಂದು ಇರಲೇಬೇಕು. ಇಷ್ಟಕ್ಕೆ ಗಂಡ ಹೆಂಡಿರ ಒಪ್ಪಿಗೆ ಇತ್ತು. ಜಗಳ ಇದ್ದದ್ದು ಆ ಇನ್ನೊಂದು ಎಲ್ಲಿರಬೇಕೆನ್ನುವುದರಲ್ಲಿ. ತನ್ನೆದುರಿಗೆ ಒಂದು ದೊಡ್ಡದು, ಅದಕ್ಕೆ ತಾಗಿಕೊಂಡೇ ಬೇರೆ ಕಂಪೆನಿಯ, ಸ್ವಂತ ಬ್ಯಾಟರಿಯ ಒಂದು ಚಿಕ್ಕದು ಎಂದು ಮುಮ್ತಾಝ್ ಹೇಳುತ್ತಿದ್ದಳು. ಸಂಜೆಯೊಳಗೆ ಡೀಲರಿಗೆ ಆರ್ಡರ್ ತಿಳಿಸಬೇಕಿತ್ತು. ಒಮ್ಮೆ ತಗಡು ಕೊರೆದರೆ ಮತ್ತೆ ಬದಲಾಯಿಸುವ ಮಾತಿಲ್ಲ, ಹಾರಿಸುವ ಜೀವವೂ ಅವಳದ್ದೇ.

ಜಾಬಿರ್ ರಟ್ಟನ್ನು ಸ್ಕ್ರೀನುಗಳ ಅಳತೆಗೆ ಕತ್ತರಿಸಿ ತನ್ನ ಇಷ್ಟದಂತೆ ಎರಡೂ ಬದಿಗೆ ಅಂಟಿಸಿದ್ದ. ಸೊಗಸಾಗಿಯೇ ಕಾಣುತ್ತಿತ್ತು.

"ನೋಡು, ದೊಡ್ಡ ವಿಮಾನದ ಹಾಗೇ ಉಂಟು," ಎಂದ. "ನಿನ್ನ ಬದಿಯದ್ದು ಹೋದ್ರೆ ಆ ಬದಿಯದ್ದು ಉಂಟಲ್ಲ. ಇನ್ನೆಂತ ಬೇಕು?"

"ಕೂತು ನೋಡುವ," ಎಂದಳು ಮುಮ್ತಾಝ್.

ತಲೆಯ ಶಾಲನ್ನು ಬಿಗಿಮಾಡಿಕೊಂಡು ಎಡಗಡೆಯ ಸೀಟಿಗೆ ಹತ್ತಿದಳು. ಹಾರುವಾಗ ಹಾಕುವಂತೆಯೇ ಹೆಗಲಿನ ಬೆಲ್ಟುಗಳನ್ನು ಎಳೆದು ಕಟ್ಟಿದಳು. ವಿಮಾನವನ್ನು ಆಚೆ ಈಚೆ ವಾಲಿಸುವ ಸ್ಟಿಕ್ಕನ್ನು ಬಲಗೈಯಲ್ಲಿ ಹಿಡಿದು, "ನಾನೀಗ ಮೋಡದ ಒಳಗೆ ಇದ್ದೇನೆ. ನನ್ನ ಸ್ಕ್ರೀನ್ ಹೋಯ್ತು ಅಂತ ಮಾಡಿ," ಎಂದಳು.

ಜಾಬಿರ್ ಅವಳೆದುರಿನ ರಟ್ಟಿಗೆ ಅಂಗೈ ಅಡ್ಡ ಹಿಡಿದ. ಅವಳು ಬಲಗಡೆಯ ರಟ್ಟಿನತ್ತ ತಿರುಗಿದಳು. ಬೆಲ್ಟು ಹೆಗಲನ್ನು ಬಿಡಲಿಲ್ಲ, ಕುತ್ತಿಗೆಯನ್ನಷ್ಟೇ ಹೊರಳಿಸಿ ಓರೆಯಾಗಿ ನೋಡಬೇಕಾಯಿತು.

"ಅಕ್ಕ," ಎಂದ, ಬಲರೆಕ್ಕೆಯ ಹತ್ತಿರ ಚಹಾ ಹಿಡಿದು ನಿಂತಿದ್ದ ಜಯಪಾಲ. "ವಿಮಾನ ಬಲಕ್ಕೆ ತಿರುಗಿಸಿದ್ದಾ? ಇಲ್ಲಿ ರೆಕ್ಕೆಯ ಹಿಂದಿನ ಪಟ್ಟಿ ಮೇಲೆ ಎದ್ದುಂಟು ಮಾರಾಯ್ರೆ."

ಸ್ಟಿಕ್ಕು ಬಲಕ್ಕೆ ಸರಿದರೆ ಏಳುವ ಪಟ್ಟಿ ಅದು. ಮುಮ್ತಾಝ್ ತನ್ನ ಕೈ ನೋಡಿಕೊಂಡಳು. ತಲೆಯ ಜೊತೆಗೇ ಸ್ಟಿಕ್ ಹಿಡಿದ ಕೈಯೂ ಬಲಕ್ಕೆ ಹೋಗಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ನಿಜವಾದ ಮೋಡದಲ್ಲಾಗಿದ್ದರೆ ವಿಮಾನ ಇಷ್ಟು ಹೊತ್ತಿಗೆ ವಾಲಿಕೊಂಡು ಕೆಳಗಿಳಿಯತೊಡಗಿರುತ್ತಿತ್ತು.

"ಇನ್ನೊಮ್ಮೆ," ಎಂದ ಜಾಬಿರ್.

ಈ ಸಲ ಕೈ ಅಲುಗಬಾರದೆಂದು ಹಲ್ಲು ಕಚ್ಚಿ ತಿರುಗಿದಳು. ಪಟ್ಟಿ ಮತ್ತೆ ಎದ್ದಿತು, ಮೊದಲಿಗಿಂತ ಸ್ವಲ್ಪ ಕಡಿಮೆ. ಜಾಬಿರ್ ತಾನೇ ರೆಕ್ಕೆಯ ಹತ್ತಿರ ಹೋಗಿ ಅದನ್ನು ಮುಟ್ಟಿ ನೋಡಿ ಬಂದ. ಯಂತ್ರ ಹೇಳಿದ ಮೇಲೆ ವಾದ ಮಾಡುವ ಅಭ್ಯಾಸ ಅವನಿಗಿರಲಿಲ್ಲ, ಆದರೆ ಮುಖ ಮಾತ್ರ ಸಣ್ಣದಾಗಿತ್ತು.

"ನೀವು ಹೇಳುವ ದೊಡ್ಡ ವಿಮಾನದಲ್ಲಿ ಆ ಬದಿಯ ಸ್ಕ್ರೀನ್ ನೋಡುದು ಯಾರು?" ಎಂದು ಮುಮ್ತಾಝ್ ಕೇಳಿದಳು.

"ಆ ಸೀಟಿನ ಪೈಲಟ್."

"ಇಲ್ಲಿ?"

"ನಾನಿರ್ತೇನಲ್ಲ."

ಹೇಳಿದ ಮೇಲೆ ಅವನಿಗೇ ಹೊಳೆಯಿತು. ದೊಡ್ಡ ವಿಮಾನದಲ್ಲಿ ಬಲಗಡೆಯ ಸೀಟು ಖಾಲಿ ಇದ್ದದ್ದನ್ನು ಅವನು ಎಂದೂ ಕಂಡವನಲ್ಲ. ಹಾಗಾಗಿ ಇಲ್ಲಿಯೂ ಅದನ್ನು ತುಂಬಿಸಿಯೇ ಪ್ಯಾನೆಲ್ ಜೋಡಿಸಿದ್ದ, ಅದೂ ತನ್ನನ್ನೇ ಕೂರಿಸಿ.

"ಹೊಸ ವಿಮಾನ ಮೊದಲು ಹಾರಿಸುವಾಗ ಒಬ್ಬಳೇ ಹೋಗ್ಬೇಕು ಅಂತ ರೂಲ್ಸ್. ಅದು ನಿಮಗೆ ಗೊತ್ತುಂಟು," ಎಂದಳು.

ಜಯಪಾಲನಿಗೆ ತಿಳಿಯದಿರಲೆಂದು ಜಾಬಿರ್ ತಮ್ಮ ಮನೆಮಾತಾದ ಬ್ಯಾರಿ ಭಾಷೆಗೆ ಹೊರಳಿದ. ತನಗೆ ಹೆದರಿಕೆಯಾಗುತ್ತದೆ ಎಂದ. ಅವಳು ಮೇಲೆ, ತಾನು ಕೆಳಗೆ, ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ, ಆ ಸ್ಕ್ರೀನ್ ಅಲ್ಲಿದ್ದರೆ ತಾನೂ ಪಕ್ಕದಲ್ಲಿದ್ದಂತೆ ಅನ್ನಿಸುತ್ತದೆ ಎಂದ. ಜಯಪಾಲನಿಗೆ ಬ್ಯಾರಿ ಚೆನ್ನಾಗಿಯೇ ಬರುತ್ತಿತ್ತು. ಅವನು ಚಹಾದ ಲೋಟ ನೋಡುತ್ತ ಸುಮ್ಮನೆ ನಿಂತ.

ಮುಮ್ತಾಝಳಿಗೆ ಸಿಟ್ಟೂ ಬಂತು, ಗಂಡನ ಮೇಲೆ ತುಂಬ ಪ್ರೀತಿಯೂ ಬಂತು. ಎರಡರಲ್ಲಿ ಯಾವುದಕ್ಕೂ ಅವಳು ಬಗ್ಗಲಿಲ್ಲ.

"ಇಪ್ಪತ್ತು ವರ್ಷ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು," ಎಂದಳು. "ಮಕ್ಕಳಿಗೆ ಜ್ವರ ಬಂದಾಗಲೂ, ಅಂಗಡಿಗೆ ನೀರು ನುಗ್ಗಿದಾಗಲೂ. ನಾನೇನು ಬಿದ್ದು ಹೋದೆನಾ? ಬೇಕಾದದ್ದನ್ನೆಲ್ಲ ಕೈಗೆ ಸಿಗುವಲ್ಲಿ ಇಟ್ಟುಕೊಂಡಿದ್ದೆ, ಅಷ್ಟೆ. ಈಗಲೂ ಅಷ್ಟೇ ಕೇಳುದು."

ಜಾಬಿರ್ ಬಗ್ಗಿ ಬಲಗಡೆಯ ರಟ್ಟನ್ನು ಕಿತ್ತ. ಅದನ್ನು ಕತ್ತರಿಸಿ ಚಿಕ್ಕದು ಮಾಡಿ, ಅವಳ ಕಣ್ಣಿನ ನೇರಕ್ಕೆ, ದೊಡ್ಡದಕ್ಕೆ ತಾಗಿಸಿ ಹಿಡಿದು, "ಇಲ್ಲಿಯಾ? ಇನ್ನೂ ಸ್ವಲ್ಪ ಮೇಲೆಯಾ?" ಎಂದು ಕೇಳಿದ. ದೊಡ್ಡದಕ್ಕೆ ಕೈ ಅಡ್ಡ ಹಿಡಿದು ಮತ್ತೆ ಪರೀಕ್ಷಿಸಿದರು. ಅವಳ ಕಣ್ಣು ಮಾತ್ರ ಸರಿಯಿತು, ರೆಕ್ಕೆಯ ಪಟ್ಟಿ ಅಲುಗಲಿಲ್ಲ.

"ಮತ್ತೆ ಬಲಗಡೆಗೆ ಎಂತ ಹಾಕುದು?" ಎಂದ.

"ಎಂತದೂ ಬೇಡ. ನೀವು ಬಂದು ಕೂತಾಗ ಹೊರಗೆ ನೋಡಿ. ರಜೆಯಲ್ಲಿ ಮಾತ್ರ ಊರು ನೋಡಿದವರಲ್ಲವಾ ನೀವು."

ಜಾಬಿರ್ ಶೆಡ್ಡಿನ ಬಾಗಿಲಿಗೆ ಹೋಗಿ ಡೀಲರಿಗೆ ಫೋನ್ ಹಚ್ಚಿದ. ಒಂದು ದೊಡ್ಡದು, ಒಂದು ಚಿಕ್ಕದು, ಎರಡೂ ಎಡಗಡೆಗೆ ಎಂದು ಹೇಳಿದ. ಆ ಕಡೆಯವನು ಬಲಗಡೆಯ ವಿಷಯ ಏನೋ ಕೇಳಿರಬೇಕು.

"ಬಲಗಡೆಗೆ ಏನೂ ಬೇಡ," ಎಂದ ಜಾಬಿರ್. "ಅಲ್ಲಿ ಕೂರುದು ನಾನು."