ಕಳೆ ಕಿತ್ತ ತೊರೆ

ಲಾಂಡ್ರಿಯ ಹಿಂಬಾಗಿಲು ತೆರೆದರೆ ಎದುರಿಗೇ ತೊರೆ. ಲಾಂಡ್ರಿ ನಡೆಸುವ ಹೆಂಗಸನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ದೊಡ್ಡವರೂ ಸಹ. ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಅವಳ ಸ್ವಂತ ತಮ್ಮ ಮಾತ್ರ ಸಿಟ್ಟು ಬಂದಾಗ ‘ಮಹಾತಾಯಿ’ ಎನ್ನುತ್ತಿದ್ದ.

ಆ ವಾರ ಅಕ್ಕನಿಗೆ ಊಟ ರುಚಿಸುತ್ತಿರಲಿಲ್ಲ. ಬಟ್ಟೆ ಒಗೆಯುವ ಕೆಲಸ ಕೊಡುತ್ತಿದ್ದ ಹೋಟೆಲು ಮುಚ್ಚಿಹೋಗಿತ್ತು. ದೊಡ್ಡ ಹಾಸ್ಟೆಲೊಂದು ತನ್ನ ಹಾಸು ಹೊದಿಕೆಗಳನ್ನೆಲ್ಲ ಇವಳಿಗೇ ಕೊಡಲು ಒಪ್ಪಿತ್ತು ನಿಜ, ಆದರೆ ಅಷ್ಟು ಬಟ್ಟೆ ಒಗೆದ ನೀರು ಹೋಗುವುದೆಲ್ಲಿಗೆ? ಆ ಬೀದಿಗೆ ಒಳಚರಂಡಿ ಇನ್ನೂ ಬಂದಿರಲಿಲ್ಲ. ತೊಟ್ಟಿಯಲ್ಲಿ ತಿಳಿಗೊಳಿಸಿ ತೊರೆಗೆ ಬಿಡಬಹುದೇ, ಆ ಕೊಳೆಯನ್ನು ತಾಳುವಷ್ಟು ಹರಿವು ತೊರೆಗಿದೆಯೇ ಎಂದು ನಗರದ ಕಚೇರಿಯವರು ನೋಡಿ ಹೇಳಬೇಕಿತ್ತು. ಅವರು ಬೇಡ ಎಂದರೆ ಹಾಸ್ಟೆಲಿನ ಕೆಲಸವೂ ಹೋಗಿ, ಇಸ್ತ್ರಿ ಮಾಡುವ ಇಬ್ಬರು ಹೆಂಗಸರನ್ನೂ ಮನೆಗೆ ಕಳಿಸಬೇಕಾಗುತ್ತಿತ್ತು. ಆ ಮಾತನ್ನು ಅವರಿಗೆ ಹೇಳಲು ಅಕ್ಕನಿಗೆ ಬಾಯಿ ಬಂದಿರಲಿಲ್ಲ.

ಕಚೇರಿಯಿಂದ ಬಂದವಳು ಹೊಸ ಇಂಜಿನಿಯರ್. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ತೊರೆಗಿಳಿದು, ಅಡ್ಡಕ್ಕೆ ಹಗ್ಗ ಕಟ್ಟಿ, ಅಳತೆಗೋಲು ಊರಿ ಅಲ್ಲಲ್ಲಿ ಆಳ ನೋಡಿದಳು. ಅಷ್ಟರಲ್ಲಿ ಕತ್ತಲಾಗುತ್ತ ಬಂತು.

“ವೇಗ ನಾಳೆ ನೋಡ್ತೀನಮ್ಮ. ಒಂದು ಕಿತ್ತಳೆ ಹಣ್ಣು ತೇಲಿಬಿಡ್ತೀನಿ. ಈ ಹಗ್ಗದಿಂದ ಆ ಮರದವರೆಗೂ ಎಷ್ಟು ಹೊತ್ತಲ್ಲಿ ಹೋಗುತ್ತೆ ಅಂತ ನೋಡೋದು.”

“ಕಿತ್ತಳೆನಾ?” ಎಂದ ತಮ್ಮ. “ಸರ್ಕಾರದಲ್ಲಿ ಮಿಷನ್ ಇಲ್ವಾ ಮೇಡಂ?”

“ಇದೆ, ರಿಪೇರಿಗೆ ಹೋಗಿದೆ. ಹಣ್ಣು ನೀರಲ್ಲಿ ಮುಕ್ಕಾಲು ಮುಳುಗಿರುತ್ತಲ್ಲ, ಗಾಳಿ ತಳ್ಳಲ್ಲ. ಕೆಲಸ ಮುಗಿದ ಮೇಲೆ ತಿನ್ನಲೂಬಹುದು!”

ಅವಳು ಹೋದ ಮೇಲೆ ಅಕ್ಕ ತೊರೆಯನ್ನೇ ನೋಡುತ್ತ ನಿಂತಳು. ಹಗ್ಗದಿಂದ ಮರದ ತನಕ ನೀರುಕಳೆ ದಟ್ಟವಾಗಿ ಹಬ್ಬಿತ್ತು. ಪಾಪ, ಆ ಹುಡುಗಿ ಬಿಟ್ಟ ಹಣ್ಣು ಹೆಜ್ಜೆಗೊಂದು ಕಡೆ ಸಿಕ್ಕಿಕೊಂಡು ಅವಳು ಪರದಾಡಬೇಕಾಗುತ್ತದಲ್ಲ ಎನಿಸಿತು. ಬೆಳಕು ಹರಿಯುತ್ತಲೇ ತಮ್ಮನನ್ನು ಎಬ್ಬಿಸಿ, ಇಬ್ಬರೂ ಸೇರಿ ಕಳೆಯನ್ನೆಲ್ಲ ಬುಡಸಮೇತ ಕಿತ್ತರು. ಅಡ್ಡ ಬಿದ್ದಿದ್ದ ಕೊಂಬೆಗಳನ್ನು ಎಳೆದು ದಡಕ್ಕೆ ಹಾಕಿದರು. ತಮ್ಮ ಸೊಂಟ ಹಿಡಿದುಕೊಂಡು, “ನೆಂಟರು ಬರ್ತಾರೆ ಅಂತ ಅಂಗಳ ಗುಡಿಸೋದು ಕೇಳಿದ್ದೆ, ತೊರೆ ಗುಡಿಸೋದು ಇವತ್ತೇ ನೋಡಿದ್ದು ಮಹಾತಾಯಿ,” ಎಂದು ಗೊಣಗಿದ.

ಹುಡುಗಿ ಬಂದು ಹಣ್ಣು ಬಿಟ್ಟಳು. ಅದು ಯಾರೋ ಕರೆದ ಹಾಗೆ ಸರಸರನೆ ಓಡಿತು. ಮತ್ತೆ ಮತ್ತೆ ಬಿಟ್ಟು ನೋಡಿ ಸರಾಸರಿ ತೆಗೆದಳು. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಹರಿಯುತ್ತದೆಂದು ಲೆಕ್ಕದಲ್ಲಿ ಒಂದಿಷ್ಟು ತಗ್ಗಿಸಿದಳು. ಆಮೇಲೆ ಮುಖವೆಲ್ಲ ನಗುವಾಗಿ ತಲೆಯೆತ್ತಿದಳು.

“ತೊರೆಯಲ್ಲಿ ಧಾರಾಳವಾಗಿ ನೀರಿದೆಯಮ್ಮ. ನಿಮ್ಮ ನೀರನ್ನ ತಾಳ್ಕೊಳ್ಳುತ್ತೆ.”

ಅಕ್ಕನಿಗೆ ಹೋದ ಜೀವ ಬಂದಂತಾಯಿತು. “ಹಣ್ಣು ಎಲ್ಲೂ ನಿಲ್ಲಲಿಲ್ಲ ನೋಡಿ! ಬೆಳಿಗ್ಗೆ ನಾವೇ ಕಳೆ ಎಲ್ಲ ಕಿತ್ವಿ, ನಿಮಗೆ ತೊಂದರೆ ಆಗಬಾರದು ಅಂತ.”

ಹುಡುಗಿಯ ಮುಖ ಇಳಿಯಿತು. “ಬೆಳಿಗ್ಗೆನಾ? ಅಯ್ಯೋ, ಅಮ್ಮಾ...”

ಕಳೆ ಇದ್ದಾಗ ನೀರು ಕಟ್ಟಿಕೊಂಡು ಆಳವಾಗಿ, ನಿಧಾನವಾಗಿ ಹರಿಯುತ್ತಿತ್ತು. ಕಿತ್ತ ಮೇಲೆ ಮಟ್ಟ ಇಳಿದು ವೇಗ ಹೆಚ್ಚಿತು. ಹರಿವೆಂದರೆ ಅಗಲ, ಆಳ, ವೇಗ ಮೂರರ ಗುಣಾಕಾರ. ಅವಳು ನಿನ್ನೆಯ ಆಳವನ್ನು ಇವತ್ತಿನ ವೇಗಕ್ಕೆ ಗುಣಿಸಿ, ಇಲ್ಲದ ನೀರನ್ನು ಲೆಕ್ಕಕ್ಕೆ ತಂದಿದ್ದಳು. “ತಪ್ಪು ನಂದೇ. ಕಳೆ ಇಲ್ಲದ್ದು ಕಂಡಾಗಲೇ ಇಳಿದು ಮತ್ತೆ ನೋಡಬೇಕಿತ್ತು,” ಎಂದು ಮತ್ತೆ ನೀರಿಗಿಳಿದಳು. ಹೊಸ ಲೆಕ್ಕದಲ್ಲಿ ಹರಿವು ಮೊದಲಿನದರ ಅರ್ಧಕ್ಕೆ ಬಂತು. ಅದು ಸಾಲದು.

ತಮ್ಮ ಅಕ್ಕನನ್ನು ಪಕ್ಕಕ್ಕೆಳೆದ. “ಸ್ವಲ್ಪ ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು?”

“ಕೆಳಗಿನ ಬೀದಿಯೋರು ಇದೇ ನೀರು ಬಳಸ್ತಾರೆ ಕಣೋ. ನಾವು ಬಾಯಿ ಮುಚ್ಕೊಂಡ್ರೆ ಅವರು ಮೂಗು ಮುಚ್ಕೋಬೇಕಾಗುತ್ತೆ.”

ಹಾಗೆಂದಳೇ ಹೊರತು ಒಳಗಿನಿಂದ ಇಸ್ತ್ರಿಯವರ ಮಾತು ಕೇಳಿ ಬಂದಾಗ ಅವಳು ಬಾಗಿಲಿಗೆ ಬೆನ್ನು ತಿರುಗಿಸಿ ನಿಂತಳು. ಹುಡುಗಿ ಅದನ್ನು ಗಮನಿಸಿರಬೇಕು. ಹೊರಡಬಹುದಿತ್ತು, ಹೊರಡಲಿಲ್ಲ. ಬೂಟು ಕಳಚಿ ಮೆಟ್ಟಿಲ ಮೇಲೆ ಕೂತಳು.

“ಕೊಳೆಗೆ ಇರೋದು ಮೂರೇ ದಾರಿಯಮ್ಮ. ಗಾಳಿ, ನೀರು, ನೆಲ. ಗಾಳಿ ಈ ಕೊಳೆಗೆ ಆಗಲ್ಲ. ನೆಲಕ್ಕೆ ಇಂಗಿಸೋಣ ಅಂದ್ರೆ ನಿಮ್ಮದು ಬರೀ ಬಂಡೆ. ಇನ್ನು ಕೊಳೆನೀರನ್ನೇ ಕಡಿಮೆ ಮಾಡ್ಬೇಕು. ಒಂದು ಕಂತು ಬಟ್ಟೆಗೆ ಎಷ್ಟು ಸಲ ನೀರು ಬದಲಾಯಿಸ್ತೀರ?”

“ಒಗೆಯೋಕೆ ಒಂದು, ಜಾಲಿಸೋಕೆ ಎರಡು,” ಎಂದ ತಮ್ಮ. “ಮೊದಲನೇದು ಕಪ್ಪು. ಕೊನೇದರಲ್ಲಿ ಮುಖ ನೋಡ್ಕೋಬಹುದು.”

“ಮುಖ ಕಾಣೋ ನೀರನ್ನ ಯಾಕೆ ಚೆಲ್ತೀರ? ಎರಡು ಸಲ ಜಾಲಿಸಿದ್ದನ್ನೂ ಬೇರೆ ಬೇರೆ ತೊಟ್ಟಿಗೆ ಹಿಡಿದಿಟ್ಟು ಸೋಸಿ, ಕೊನೇದನ್ನ ಮುಂದಿನ ಕಂತು ಮೊದಲು ಜಾಲಿಸೋಕೆ, ಮೊದಲು ಜಾಲಿಸಿದ್ದನ್ನ ಒಗೆಯೋಕೆ ಬಳಸಿ. ಆಗ ಹೊರಗೆ ಹೋಗೋದು ಒಗೆದ ನೀರೊಂದೇ. ಸಾಬೂನೂ ಕಡಿಮೆ ಹಾಕಿದ್ರೆ ಈ ತೊರೆಗೆ ಭಾರ ಆಗಲ್ಲ ಅನ್ಸುತ್ತೆ. ನಾನು ಹೀಗೇ ಬರೀತೀನಿ. ಆದ್ರೆ ನೀರು ಪರೀಕ್ಷೆ ಮಾಡಿದ ಮೇಲೇ ಅನುಮತಿ.”

“ಅಂದ್ರೆ ಪೈಪು, ತೊಟ್ಟಿ ಎಲ್ಲ ನನ್ನ ತಲೆಗೇ ಬಂತು,” ಎಂದ ತಮ್ಮ. ಆದರೆ ಮಾತು ಮುಗಿಯುವ ಮೊದಲೇ ಗೋಡೆಯುದ್ದಕ್ಕೂ ಗೇಣು ಹಾಕುತ್ತಿದ್ದ.

ಪೈಪು ಸೋರಿತು, ಬಿಚ್ಚಿ ಮತ್ತೆ ಹಾಕಿದ. ಒಂದು ಕಂತಿನ ಬಟ್ಟೆಗೆ ಹಿಂದಿನ ಬಣ್ಣ ಹತ್ತಿ, ಅವನು ದಿನವಿಡೀ ಮುಖ ಊದಿಸಿಕೊಂಡಿದ್ದ. ಹುಡುಗಿ ರಜೆಯ ದಿನವೂ ಬಂದು ಸೋಸುವ ಬಲೆಯನ್ನು ತಾನೇ ಕಟ್ಟಿಕೊಟ್ಟಳು. ಪರೀಕ್ಷೆಯಲ್ಲಿ ನೀರು ಪಾಸಾಯಿತು. ಕಚೇರಿಯಿಂದ ಒಪ್ಪಿಗೆ ಬಂದ ದಿನ ಅಕ್ಕ ಇಸ್ತ್ರಿಯ ಕೋಣೆಗೆ ಹೋದಳು. ಹಾಸ್ಟೆಲಿನ ಹಾಸುಗಳು ಬರುತ್ತವೆ, ನಾಳೆಯಿಂದ ಬೇಗ ಬನ್ನಿ ಎಂದಷ್ಟೇ ಹೇಳಿದಳು.

ಇಬ್ಬರಲ್ಲಿ ದೊಡ್ಡವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. “ಅಂದ್ರೆ ನಾವು ಇರ್ತೀವಿ ಅಂತ ಆಯ್ತಾ ಅಕ್ಕ?”

“ನಿಮಗೆ... ಗೊತ್ತಿತ್ತಾ?”

“ಹೋಟೆಲು ಮುಚ್ಚಿದ ದಿನವೇ ಗೊತ್ತಾಯ್ತು. ಕೇಳಿದ್ರೆ ನಿಮಗೆ ಇನ್ನೂ ಸಂಕಟ ಆಗುತ್ತೆ ಅಂತ ಸುಮ್ಮನಿದ್ವಿ.”

“ಸುಮ್ಮನಿದ್ದದ್ದು ನಾನು,” ಎಂದಳು ಇನ್ನೊಬ್ಬಳು. “ಇವಳು ದಿನಾ ನನ್ನ ಕಿವಿ ಕಚ್ಚಿದಾಳೆ.”

ಅಕ್ಕ ನಕ್ಕಳು. ಕಣ್ಣು ತುಂಬಿ ಬಂದದ್ದನ್ನು ಆವಿಯ ಮೇಲೆ ಹಾಕಿ ಸೆರಗಿನಿಂದ ಒರೆಸಿಕೊಂಡು, ಹಾಸಿನ ಒಂದು ತುದಿ ಹಿಡಿದಳು. ದೊಡ್ಡವಳು ಇನ್ನೊಂದು ತುದಿ ಹಿಡಿದು ಕೊಡವಿದಳು.